ಗುಳ್ಳೆ ಎದ್ದರೆ ಮಳೆ ಬಿಡೋದಿಲ್ಲ ಅನ್ನೋದು ಎಷ್ಟು ನಿಜ?

ಜೂನ್ ಬಂತೆಂದರೆ ಮೊಬೈಲಿನಲ್ಲಿ ಒಂದು ಬಗೆಯ ವಿಡಿಯೊ ಓಡಾಡಲು ಶುರುವಾಗುತ್ತದೆ. ಅಂಗಳದಲ್ಲಿ ನಿಂತ ನೀರು, ಅದರ ಮೇಲೆ ಸುರಿಯುವ ಮಳೆ, ನೀರಿನ ತುಂಬ ಗುಳ್ಳೆ. ಕೆಳಗೆ ಒಂದು ಸಾಲು: ಗುಳ್ಳೆ ಎದ್ದಿದೆ, ಇನ್ನು ಮಳೆ ಬಿಡೋದಿಲ್ಲ. ಸಿರ್ಸಿ ಕಡೆಯ ಅಜ್ಜಂದಿರೂ ಇದನ್ನೇ ಹೇಳುತ್ತಾರೆ, ಅಂಕೋಲೆ ಕಡೆಯವರೂ ಹೇಳುತ್ತಾರೆ. ಅದೇ ಮೊಬೈಲಿಗೆ ಹವಾಮಾನ ಇಲಾಖೆಯ ರೆಡ್ ಅಲರ್ಟ್ ಕೂಡ ಬರುತ್ತದೆ. ಅಲರ್ಟ್ ಕೊಟ್ಟ ದಿನ ಬಿಸಿಲು ಬಿದ್ದರೆ ಇಲಾಖೆಯನ್ನು ನೋಡಿ ಊರೇ ನಗುತ್ತದೆ. ಗುಳ್ಳೆ ಎದ್ದು ಹತ್ತು ನಿಮಿಷಕ್ಕೆ ಮಳೆ ನಿಂತರೆ ಅದು ಯಾರಿಗೂ ನೆನಪಿರುವುದಿಲ್ಲ.

ಈ ನಂಬಿಕೆಯನ್ನು ಸುಮ್ನೆ ತಳ್ಳಿಹಾಕಬಹುದು. ಆದರೆ ಗುಳ್ಳೆ ನಿಜಕ್ಕೂ ಏನನ್ನೋ ಹೇಳುತ್ತದೆ. ಈಗ ಬೀಳುತ್ತಿರುವ ಹನಿ ಎಷ್ಟು ದಪ್ಪ ಅನ್ನುವುದನ್ನು ಹೇಳುತ್ತದೆ. ಮಳೆ ಎಷ್ಟು ಹೊತ್ತು ಇರುತ್ತದೆ ಅನ್ನುವುದು ಅದಕ್ಕೆ ಗೊತ್ತಿಲ್ಲ. ತಮಾಷೆ ಏನೆಂದರೆ, ನಮ್ಮ ಉತ್ತರ ಕನ್ನಡ ಜಿಲ್ಲೆಯ ಮಳೆಯನ್ನು ದೂರದಿಂದ ಅಳೆಯುವವರಿಗೆ ಸುಲಭಕ್ಕೆ ಸಿಗದೆ ಕಾಡುವ ಸಂಗತಿಯೂ ಇದೇ ಹನಿಯ ದಪ್ಪ.

ಮೊದಲು ಗುಳ್ಳೆ ಆಗುವುದು ಹೇಗೆ ನೋಡೋಣ. ಗುಳ್ಳೆ ಅಂದರೆ ನೀರಿನಲ್ಲಿ ಸಿಕ್ಕಿಬಿದ್ದ ಗಾಳಿ. ಬೀಳುವ ಹನಿಯೊಳಗೆ ಗಾಳಿಯ ಗುಳ್ಳೆ ಇರುವುದಿಲ್ಲ. ಕೆಳಗಿನ ನೀರಿನಲ್ಲೂ ಇರಲಿಲ್ಲ. ಹಾಗಾದರೆ ಗಾಳಿ ಒಳಗೆ ಹೋದದ್ದು ಯಾವ ದಾರಿಯಿಂದ?

ಮೊದಲ ದಾರಿ ತೆರೆಯುವುದು ಹನಿ ನೀರನ್ನು ಮುಟ್ಟುವ ಮುಂಚೆಯೇ. ಹನಿ ಹತ್ತಿರ ಬರುವಾಗ ನಡುವಿನ ಗಾಳಿ ಪಕ್ಕಕ್ಕೆ ಸರಿಯಬೇಕು. ಕೊನೇ ಗಳಿಗೆಯಲ್ಲಿ ಅದಕ್ಕೆ ಜಾಗವೂ ಇಲ್ಲ, ಸಮಯವೂ ಇಲ್ಲ. ಸಿಕ್ಕಿಕೊಂಡ ಗಾಳಿ ಹನಿಯ ತಳವನ್ನು ಸ್ವಲ್ಪ ಒಳಕ್ಕೆ ಒತ್ತುತ್ತದೆ. ಹೀಗಾಗಿ ಹನಿ ನೀರನ್ನು ಮುಟ್ಟುವುದು ಒಂದು ಬಿಂದುವಿನಲ್ಲಿ ಅಲ್ಲ, ಒಂದು ಬಳೆಯ ಆಕಾರದಲ್ಲಿ. ಬಳೆಯ ಒಳಗೆ ಉಳಿದ ತೆಳ್ಳಗಿನ ಗಾಳಿಯ ಪದರ ಕುಗ್ಗಿ ಕುಗ್ಗಿ ನಡುವೆ ಒಂದು ಸಣ್ಣ ಗುಳ್ಳೆಯಾಗುತ್ತದೆ. ಐಸ್‌ಲ್ಯಾಂಡ್ ಮೂಲದ ಸಿಗುರ್ದುರ್ ಥೊರೊಡ್ಸೆನ್ ಮತ್ತು ಅವರ ಜಪಾನಿ ಸಂಗಡಿಗರು ಅತಿವೇಗದ ಕ್ಯಾಮೆರಾದಲ್ಲಿ ಇದನ್ನು ಹಿಡಿದು 2003ರಲ್ಲಿ ಪ್ರಕಟಿಸಿದರು. ಈ ಗುಳ್ಳೆ ತೀರಾ ಚಿಕ್ಕದು. ಅಂಗಳದಲ್ಲಿ ನಿಂತು ನೋಡಿದರೆ ಕಾಣುವುದಿಲ್ಲ.

ಎರಡನೇ ದಾರಿಯೇ ನಿಜವಾಗಿ ಸೊಗಸಿನದು. ಹನಿ ಬಿದ್ದ ಜಾಗದಲ್ಲಿ ನೀರು ಒಂದು ಗುಂಡಿ ತೋಡಿಕೊಳ್ಳುತ್ತದೆ. ಗುಂಡಿಯ ತಳ ಇನ್ನೂ ಕೆಳಕ್ಕೆ ಹೋಗುತ್ತಿರುವಾಗಲೇ, ಅಂಚಿನಿಂದ ಒಂದು ಪುಟ್ಟ ಅಲೆ ಗುಂಡಿಯ ಗೋಡೆಗುಂಟ ಕೆಳಗಿಳಿದು ಬರುತ್ತದೆ. ಈ ಅಲೆ ನಾಲ್ಕೂ ಕಡೆಯಿಂದ ಬಂದು ತಳದ ಹತ್ತಿರ ಕೂಡಿಕೊಂಡರೆ ಗುಂಡಿಯ ತುದಿ ಕತ್ತರಿಸಿಹೋಗುತ್ತದೆ. ಆ ತುದಿಯಲ್ಲಿದ್ದ ಗಾಳಿ ಹೊರಗೆ ಬರಲಾಗದೆ ಗುಳ್ಳೆಯಾಗಿ ಕೆಳಗೆ ಉಳಿಯುತ್ತದೆ. ಆಮೇಲೆ ಗುಂಡಿ ಮುಚ್ಚಿಕೊಂಡು ಅದರ ನಡುವಿನಿಂದ ಒಂದು ನೀರಿನ ಕಡ್ಡಿ ಮೇಲಕ್ಕೆ ಚಿಮ್ಮುತ್ತದೆ. ಇಷ್ಟೆಲ್ಲ ನಡೆಯುವುದು ಸೆಕೆಂಡಿನ ಕೆಲವು ನೂರನೇ ಭಾಗಗಳಲ್ಲಿ.

ಇಲ್ಲಿ ಎಲ್ಲವೂ ಹೊತ್ತಿನ ಲೆಕ್ಕ. ಅಲೆ ತಳ ಸೇರುವ ಮುಂಚೆಯೇ ತಳ ಮೇಲಕ್ಕೆ ತಿರುಗಿಬಿಟ್ಟರೆ ಗುಳ್ಳೆ ಇಲ್ಲ. ಅದಕ್ಕೇ ಎಲ್ಲ ಹನಿಗೂ ಈ ದಾರಿ ತೆರೆಯುವುದಿಲ್ಲ. ಆಕಾಶದಿಂದ ತನ್ನ ಪೂರ್ತಿ ವೇಗದಲ್ಲಿ ಬರುವ ಮಳೆಹನಿಗಳಲ್ಲಿ, ಅಡ್ಡಳತೆ 0.8ರಿಂದ 1.1 ಮಿ.ಮೀ. ಇರುವವು ಮಾತ್ರ ಹೆಚ್ಚುಕಡಿಮೆ ತಪ್ಪದೆ ಹೀಗೆ ಗುಳ್ಳೆ ಮಾಡುತ್ತವೆ. ಅದಕ್ಕಿಂತ ಸ್ವಲ್ಪ ದಪ್ಪ, ಅಂದರೆ 2.2 ಮಿ.ಮೀ.ವರೆಗಿನ ಹನಿಗಳು ಗುಂಡಿ ತೋಡುತ್ತವೆ, ನೀರು ಚಿಮ್ಮಿಸುತ್ತವೆ, ಆದರೆ ಈ ಗುಳ್ಳೆ ಮಾತ್ರ ಮಾಡುವುದಿಲ್ಲ. ಸಣ್ಣ ಹನಿಗೆ ಸಾಧ್ಯವಾಗುವುದು ಅದಕ್ಕಿಂತ ದಪ್ಪ ಹನಿಗೆ ಆಗದೆ ಹೋಗುವುದು ವಿಚಿತ್ರವೇ ಅಲ್ವಾ? ಮಳೆಯ ವಿಷಯದಲ್ಲಿ ಜಾಸ್ತಿ ಅಂದಕೂಡಲೇ ಎಲ್ಲವೂ ಜಾಸ್ತಿ ಆಗುವುದಿಲ್ಲ.

ಇನ್ನೂ ದಪ್ಪ ಹನಿ, 2.2 ಮಿ.ಮೀ. ದಾಟಿದ್ದು, ಬೇರೆಯದೇ ಕಥೆ. ಅದು ಬಿದ್ದಾಗ ಗುಂಡಿಯ ಸುತ್ತ ನೀರು ಕಿರೀಟದ ಹಾಗೆ ಎದ್ದು ನಿಲ್ಲುತ್ತದೆ. ಹನಿ ಸಾಕಷ್ಟು ದಪ್ಪ ಇದ್ದು ವೇಗವೂ ಇದ್ದರೆ ಆ ಕಿರೀಟದ ಗೋಡೆ ಒಳಕ್ಕೆ ಬಾಗಿ ಮೇಲೆ ಮುಚ್ಚಿಕೊಳ್ಳುತ್ತದೆ. ಒಳಗೆ ಗಾಳಿ, ಮೇಲೆ ತೆಳುವಾದ ನೀರಿನ ಚಾವಣಿ. ವಿಡಿಯೊದಲ್ಲಿ ಕಾಣುವ, ತೇಲುತ್ತ ಸಾಗಿ ಟಪ್ಪನೆ ಒಡೆಯುವ ಗುಳ್ಳೆಗಳಲ್ಲಿ ಹೆಚ್ಚಿನವು ಹುಟ್ಟುವುದು ಹೀಗೆ.

ಈ ಕಿರೀಟವನ್ನು ಮೊದಲು ಹಠ ಹಿಡಿದು ನೋಡಿದವನು ಇಂಗ್ಲೆಂಡಿನ ಆರ್ಥರ್ ವರ್ದಿಂಗ್ಟನ್. ಕತ್ತಲ ಕೋಣೆಯಲ್ಲಿ ವಿದ್ಯುತ್ ಕಿಡಿ ಹೊತ್ತಿಸಿ, ಆ ಒಂದು ಕ್ಷಣದ ಬೆಳಕಿನಲ್ಲಿ ಕಂಡದ್ದನ್ನು ಕೈಯಲ್ಲಿ ಬರೆದುಕೊಳ್ಳುತ್ತಿದ್ದ. ಚಿತ್ರಗಳಲ್ಲಿ ಕಿರೀಟ ಎಲ್ಲ ಕಡೆಯೂ ಒಂದೇ ಸಮ ಇರುತ್ತಿತ್ತು. 1890ರ ದಶಕದಲ್ಲಿ ಫೋಟೊ ತೆಗೆಯಲು ಸಾಧ್ಯವಾದಾಗ ನೋಡಿದರೆ ಒಂದು ಕಿರೀಟವೂ ಸಮ ಇರಲಿಲ್ಲ. ಕಣ್ಣು ತನಗೆ ಬೇಕಾದ್ದನ್ನು ನೋಡುತ್ತದೆ ಅನ್ನುವುದಕ್ಕೆ ಗುಳ್ಳೆಯ ನಂಬಿಕೆಯೊಂದೇ ಸಾಕ್ಷಿಯಲ್ಲ, ನೋಡಿ.

ಕಣ್ಣು ಬಿಟ್ಟು ಈಗ ಕಿವಿಗೆ ಬರೋಣ. ನಲ್ಲಿಯಿಂದ ಬಕೆಟ್ಟಿಗೆ ಹನಿ ಬೀಳುವಾಗ ಬರುವ 'ಟಿಣ್' ಸದ್ದು ಹನಿ ನೀರಿಗೆ ಬಡಿದ ಸದ್ದು ಅಂತ ನಮಗೆಲ್ಲ ಅನ್ನಿಸುತ್ತದೆ. ಬಡಿತದ ಸದ್ದು ಬಹಳ ಸಣ್ಣದು. ಕೇಳುವುದು ಗುಳ್ಳೆಯ ಸದ್ದು. ಸಿಕ್ಕಿಬಿದ್ದ ಗಾಳಿಯನ್ನು ಸುತ್ತಲಿನ ನೀರು ಒತ್ತುತ್ತದೆ, ಗಾಳಿ ವಾಪಸ್ ಒತ್ತುತ್ತದೆ. ಗುಳ್ಳೆ ಕುಗ್ಗುತ್ತ ಹಿಗ್ಗುತ್ತ ಕಂಪಿಸುತ್ತದೆ. ಗುಳ್ಳೆಯ ಗಾತ್ರಕ್ಕೂ ಈ ಕಂಪನಕ್ಕೂ ಇರುವ ಲೆಕ್ಕವನ್ನು ನೆದರ್ಲೆಂಡ್ಸಿನ ಮಾರ್ಸೆಲ್ ಮಿನ್ನಾರ್ಟ್ 1933ರಲ್ಲಿ ಬರೆದಿಟ್ಟ. ಒಂದು ಮಿ.ಮೀ. ತ್ರಿಜ್ಯದ ಗುಳ್ಳೆ ಸೆಕೆಂಡಿಗೆ ಸುಮಾರು 3,300 ಸಲ ಕಂಪಿಸುತ್ತದೆ. ಗುಳ್ಳೆ ಅರ್ಧದಷ್ಟಾದರೆ ಕಂಪನ ಎರಡರಷ್ಟು. ಯಕ್ಷಗಾನದ ಆಟದಲ್ಲಿ ಕಣ್ಣು ಮುಚ್ಚಿ ಕೂತರೂ ಚಂಡೆ ಯಾವುದು, ಮದ್ದಳೆ ಯಾವುದು ಅಂತ ಹೇಳಬಹುದಲ್ಲ, ಹಾಗೆಯೇ ಸದ್ದು ಕೇಳಿ ಗುಳ್ಳೆಯ ಗಾತ್ರ ಹೇಳಬಹುದು. ಗುಳ್ಳೆಯ ಗಾತ್ರದಿಂದ ಹನಿಯ ಅಂದಾಜೂ ಸಿಗುತ್ತದೆ.

ಇದನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದು. ನಲ್ಲಿಯನ್ನು ಒಂದೊಂದೇ ಹನಿ ಬೀಳುವಷ್ಟು ತಿರುಗಿಸಿ, ಕೆಳಗೆ ನೀರು ತುಂಬಿದ ಪಾತ್ರೆ ಇಡಿ. ಟಿಣ್ ಅನ್ನುವವರೆಗೆ ಪಾತ್ರೆಯನ್ನು ಮೇಲೆ ಕೆಳಗೆ ಮಾಡಿ. ಒಂದು ಎತ್ತರದಲ್ಲಿ ಸದ್ದು ಸ್ಪಷ್ಟವಾಗಿ ಬರುತ್ತದೆ, ಸ್ವಲ್ಪ ಬದಲಿಸಿದರೆ ಮಂಕಾಗುತ್ತದೆ. ಹೊತ್ತಿನ ಲೆಕ್ಕ ಅಂದೆನಲ್ಲ, ಅದು ಇದೇ. ಈಗ ಪಾತ್ರೆಗೆ ಪಾತ್ರೆ ತೊಳೆಯುವ ಸೋಪಿನ ಒಂದು ತೊಟ್ಟು ಹಾಕಿ. ಹನಿ ಮೊದಲಿನ ಹಾಗೆಯೇ ಬೀಳುತ್ತದೆ, ಸದ್ದು ನಿಂತುಹೋಗುತ್ತದೆ. ಸೋಪಿನಿಂದ ನೀರಿನ ಮೇಲ್ಮೈಯ ಬಿಗಿತ ಕಡಿಮೆಯಾಗುತ್ತದೆ, ಗುಂಡಿಯ ತುದಿ ಕತ್ತರಿಸುವ ಆಟ ಕೆಡುತ್ತದೆ. ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಸೆಕೆಂಡಿಗೆ 240 ಚಿತ್ರ ತೆಗೆದರೆ ಗುಂಡಿ, ಅದರಿಂದ ಏಳುವ ನೀರಿನ ಕಡ್ಡಿ ಎರಡೂ ಕಾಣುತ್ತವೆ. ಗುಳ್ಳೆ ಕತ್ತರಿಸುವ ಕ್ಷಣ ಮಾತ್ರ ಕೈಗೆ ಸಿಗುವುದು ಅದೃಷ್ಟ.

ಕೇಂಬ್ರಿಜ್ ವಿಶ್ವವಿದ್ಯಾಲಯದ ಅನುರಾಗ್ ಅಗರ್ವಾಲ್ ಅವರಿಗೆ ಈ ಸದ್ದಿನ ಹಿಂದೆ ಬೀಳಬೇಕು ಅನ್ನಿಸಿದ್ದು ಸ್ನೇಹಿತರ ಮನೆಯ ಚಾವಣಿ ಸೋರಿ, ಬಕೆಟ್ಟಿಗೆ ಹನಿ ಬೀಳುವ ಸದ್ದಿಗೆ ನಿದ್ದೆ ಬಾರದಿದ್ದಾಗ. ಮಳೆಗಾಲದಲ್ಲಿ ಹಂಚು ಜಾರಿದ ಮನೆಯಲ್ಲಿ ಮಲಗಿದವರಿಗೆ ಇದು ಹೊಸ ಅನುಭವವೇನೂ ಅಲ್ಲ. ನಾವು ಹಂಚು ಸರಿಮಾಡುತ್ತೇವೆ, ಅವರು ಪ್ರಯೋಗ ಮಾಡಿದರು. ನೀರಿನೊಳಗಿನ ಗುಳ್ಳೆಯ ಸದ್ದು ಹೊರಗೆ ಗಾಳಿಗೆ ಬರುವುದು ಹೇಗೆ ಅನ್ನುವುದು ಅವರ ಪ್ರಶ್ನೆ. ಗುಳ್ಳೆ ಕಂಪಿಸುವಾಗ ಅದರ ಮೇಲಿರುವ ಗುಂಡಿಯ ತಳವೂ ಕಂಪಿಸುವಂತೆ ಮಾಡುತ್ತದೆ, ಆ ತಳ ಗಾಳಿಯನ್ನು ತಳ್ಳುತ್ತದೆ ಅಂತ ಅವರ ತಂಡ 2018ರಲ್ಲಿ ತೋರಿಸಿತು.

ಗುಳ್ಳೆ ನೀರಿಗೆ ಮಾತ್ರ ಸೀಮಿತವೂ ಅಲ್ಲ. ಒಣ ಮಣ್ಣಿನ ಮೇಲೆ ಹನಿ ಬಿದ್ದಾಗ ಮಣ್ಣಿನ ಸಂದಿಯ ಗಾಳಿ ಹನಿಯೊಳಗೆ ಗುಳ್ಳೆಯಾಗಿ ಮೇಲೆದ್ದು ಒಡೆಯುತ್ತದೆ. ಒಡೆಯುವಾಗ ಕಣ್ಣಿಗೆ ಕಾಣದಷ್ಟು ಸಣ್ಣ ತುಂತುರು ಗಾಳಿಗೆ ಹಾರುತ್ತದೆ. ಮೊದಲ ಮಳೆಯ ಮಣ್ಣಿನ ವಾಸನೆ ಮೂಗಿಗೆ ಬರುವ ದಾರಿಗಳಲ್ಲಿ ಇದೂ ಒಂದು ಅಂತ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2015ರಲ್ಲಿ ಹೇಳಿದರು. ಹದವಾದ ಮಳೆಯಲ್ಲಿ ಇದು ಜಾಸ್ತಿ, ಜಡಿದು ಹೊಡೆಯುವ ಮಳೆಯಲ್ಲಿ ಕಡಿಮೆ. ಮಣ್ಣಿನ ಬ್ಯಾಕ್ಟೀರಿಯಾಗಳೂ ಇದೇ ತುಂತುರಿನಲ್ಲಿ ಹಾರುತ್ತವೆ ಅಂತ 2017ರಲ್ಲಿ ಅದೇ ತಂಡ ತೋರಿಸಿತು. ಅಡಿಕೆ ತೋಟದವರಿಗೆ ಹನಿ ಚಿಮ್ಮುವುದೇ ಇನ್ನೊಂದು ತಲೆನೋವು. ಕೊಳೆರೋಗ ಗೊನೆಯಿಂದ ಗೊನೆಗೆ ಹಬ್ಬುವುದು ಮಳೆಹನಿಯ ಸಿಡಿತದಲ್ಲೇ. ಗೊನೆಗೆ ಕೊಟ್ಟೆ, ಅಂದರೆ ಮಳೆ ತಾಗದಂತೆ ಮುಚ್ಚುವ ಹೊದಿಕೆ, ಕಟ್ಟುವುದು ಅದಕ್ಕೇ. ಅದು ಬೇರೆಯೇ ಲೇಖನ ಬೇಡುವ ವಿಷಯ, ಇಲ್ಲಿ ಬಿಡೋಣ.

ಸರಿ, ಅಂಗಳದ ಗುಳ್ಳೆಗೆ ವಾಪಸ್ ಬಂದರೆ, ತೇಲುವ ದೊಡ್ಡ ಗುಳ್ಳೆ ಕಂಡಿತು ಅಂದರೆ ದಪ್ಪ ಹನಿ ಬೀಳುತ್ತಿದೆ ಅಂತ ಅರ್ಥ. ದಪ್ಪ ಹನಿ ಬರುವುದು ಸಾಮಾನ್ಯವಾಗಿ ಎತ್ತರಕ್ಕೆ ಬೆಳೆದ ಮೋಡದಿಂದ. ಮೇ ತಿಂಗಳ ಗುಡುಗು ಮಳೆ, ಅಕ್ಟೋಬರಿನ ಚಿತ್ತೆ ಮಳೆ ನೆನಪಿಸಿಕೊಳ್ಳಿ. ಧೋ ಎಂದು ಸುರಿದು ಅರ್ಧ ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಇನ್ನು ಆರಿದ್ರೆ, ಪುನರ್ವಸುವಿನ ಜಡಿಮಳೆ ನೋಡಿ. ಘಟ್ಟಕ್ಕೆ ಬಡಿದು ಮೇಲೇರುವ ಗಾಳಿಯಲ್ಲಿ, ಅಷ್ಟೇನೂ ಎತ್ತರವಿಲ್ಲದ ಮೋಡದಿಂದ ಬರುವ ಮಳೆ. ಅದರಲ್ಲಿ ಸಣ್ಣ ಹನಿಗಳದ್ದೇ ದರ್ಬಾರು. ದೊಡ್ಡ ಗುಳ್ಳೆ ಅಪರೂಪ, ಆದರೆ ಮೂರು ದಿನ ಬಿಡದೆ ಹೊಯ್ಯುತ್ತದೆ. ಅಂದರೆ ನಂಬಿಕೆ ಹೇಳುವುದಕ್ಕೆ ಹೆಚ್ಚುಕಡಿಮೆ ಉಲ್ಟಾ. ಮಳೆಗಾಲದ ನಡುವೆಯೂ ಸಮುದ್ರದ ಕಡೆಯಿಂದ ದಪ್ಪ ಹನಿಯ ಮೋಡಗಳು ಸಾಲುಗಟ್ಟಿ ಬರುವುದುಂಟು. ಅಂಥ ದಿನ ಗುಳ್ಳೆಯೂ ಏಳುತ್ತದೆ, ಮಳೆಯೂ ಬಿಡುವುದಿಲ್ಲ. ನಂಬಿಕೆ ಬದುಕಿ ಉಳಿದದ್ದು ಆ ದಿನಗಳಿಂದಲೇ ಇರಬೇಕು.

ಗುಳ್ಳೆ ಎಷ್ಟು ಹೊತ್ತು ಒಡೆಯದೆ ಉಳಿಯುತ್ತದೆ ಅನ್ನುವುದರಲ್ಲಿ ಮಳೆಯ ಕೈವಾಡ ಕಡಿಮೆ, ನೀರಿನದ್ದೇ ಜಾಸ್ತಿ. ಶುದ್ಧ ನೀರಿನ ಗುಳ್ಳೆ ಬೇಗ ಒಡೆಯುತ್ತದೆ. ಕೊಳೆತ ಎಲೆ, ಸಗಣಿ, ಮಣ್ಣಿನ ಕಸರು ಸೇರಿದ ಅಂಗಳದ ನೀರಿನಲ್ಲಿ ಗುಳ್ಳೆಯ ಪದರ ಗಟ್ಟಿ. ಗಾಳಿಯಲ್ಲಿ ಪಸೆ ತುಂಬಿದ್ದರೆ ಪದರ ಬೇಗ ಆರುವುದೂ ಇಲ್ಲ.

ಇನ್ನೂ ಒಂದು ಮೋಸ ಇದೆ. ಈ ವಿಡಿಯೊಗಳನ್ನು ತೆಗೆಯುವುದು ಹೆಚ್ಚಾಗಿ ಜಗುಲಿಯಲ್ಲಿ ನಿಂತು. ಮುಂದೆ ಕಾಣುವುದು ಸೂರಿನ ನೀರು ಬೀಳುವ ಜಾಗ. ಹಂಚಿನ ತುದಿಯಿಂದ ಕಳಚುವ ಹನಿ ಯಾವಾಗಲೂ ದಪ್ಪವೇ, ಸುಮಾರು 5 ಮಿ.ಮೀ. ತುಂತುರು ಮಳೆಯಿರಲಿ, ಜಡಿಮಳೆಯಿರಲಿ, ಹಂಚಿನ ತುದಿಯಲ್ಲಿ ನೀರು ಕೂಡಿಕೊಂಡು ಭಾರವಾದ ಮೇಲೆಯೇ ಕಳಚುತ್ತದೆ. ಮೂರು ಮೀಟರ್ ಎತ್ತರದ ಸೂರಿನಿಂದ ಬಿದ್ದರೆ ನೆಲ ಮುಟ್ಟುವಾಗ ವೇಗ ಸೆಕೆಂಡಿಗೆ 6ರಿಂದ 7 ಮೀಟರ್. ದೊಡ್ಡ ಗುಳ್ಳೆ ಎಬ್ಬಿಸಲು ಅಷ್ಟು ಧಾರಾಳ ಸಾಕು. ಅಡಿಕೆ ಸೋಗೆಯಿಂದ ತೊಟ್ಟಿಕ್ಕುವ ಹನಿಯದ್ದೂ ಇದೇ ಕಥೆ. ಆ ಗುಳ್ಳೆ ಸೋಗೆಯ ಬಗ್ಗೆ, ಹಂಚಿನ ಬಗ್ಗೆ ಹೇಳುತ್ತದೆ. ಮೋಡದ ಬಗ್ಗೆ ಏನೂ ಹೇಳುವುದಿಲ್ಲ. ನೋಡುವುದಾದರೆ ಬಯಲಿನ ಗದ್ದೆಯ ನೀರು ನೋಡಬೇಕು.

ಈಗ ಅಲರ್ಟಿನ ವಿಷಯ. 24 ಗಂಟೆಯಲ್ಲಿ 204.5 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಅದು ಅತ್ಯಂತ ಭಾರಿ ಮಳೆ. ಅದರ ಎಚ್ಚರಿಕೆಯನ್ನು, ಅಂದರೆ ರೆಡ್ ಅಲರ್ಟನ್ನು, ಜಿಲ್ಲೆಯ ಹೆಸರಿನಲ್ಲಿ ಕೊಡುತ್ತಾರೆ. ಆದರೆ ಉತ್ತರ ಕನ್ನಡ ಒಂದೇ ಮಳೆಯ ಜಿಲ್ಲೆಯೇ ಅಲ್ಲ. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ದಾಟುತ್ತದೆ, ಹಳಿಯಾಳ, ಮುಂಡಗೋಡಿನಲ್ಲಿ ಅದರ ಅರ್ಧವೂ ಇಲ್ಲ. ಹಾಗಾಗಿ ರೆಡ್ ಅಲರ್ಟ್ ದಿನ ಮುಂಡಗೋಡಿನಲ್ಲಿ ಬಿಸಿಲಿದ್ದರೆ ಅದು ಇಲಾಖೆಯ ಸೋಲು ಅಂತ ನನಗೆ ಅನ್ನಿಸುವುದಿಲ್ಲ. ನೆಲದ ಮೇಲೆ ಅಳತೆಯೂ ಈಗ ಚೆನ್ನಾಗಿದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟಕ್ಕೆ ಮಳೆಮಾಪಕ ಇಟ್ಟಿದೆ, ರಾಜ್ಯದಲ್ಲಿ ಅವು 6,000ಕ್ಕೂ ಹೆಚ್ಚು.

ತೊಡಕು ಇರುವುದು ಮಳೆಮಾಪಕ ಇಲ್ಲದ ಕಡೆ. ಅಲ್ಲಿ ರೇಡಾರ್ ನೆಚ್ಚಿಕೊಳ್ಳಬೇಕು. ರೇಡಾರ್ ಮಳೆಯನ್ನು ನೇರವಾಗಿ ಅಳೆಯುವುದಿಲ್ಲ. ತಾನು ಕಳಿಸಿದ, ಹನಿಗೆ ತಾಗಿ ವಾಪಸ್ ಬಂದ ರೇಡಿಯೊ ಅಲೆಯನ್ನು ಅಳೆಯುತ್ತದೆ. ಹನಿಯ ಅಡ್ಡಳತೆ ಎರಡರಷ್ಟಾದರೆ ಅದರಲ್ಲಿರುವ ನೀರು 8ರಷ್ಟಾಗುತ್ತದೆ, ವಾಪಸ್ ಬರುವ ಅಲೆ ಮಾತ್ರ 64ರಷ್ಟಾಗುತ್ತದೆ. 4 ಮಿ.ಮೀ.ನ ಒಂದೇ ಹನಿಯನ್ನೂ, ಅದರ ನೀರನ್ನೇ ಹಂಚಿಕೊಂಡ 1 ಮಿ.ಮೀ.ನ 64 ಹನಿಗಳನ್ನೂ ರೇಡಾರಿನ ಮುಂದೆ ಇಟ್ಟರೆ, ಒಂಟಿ ಹನಿ 64 ಪಟ್ಟು ಜೋರಾಗಿ ಕಾಣುತ್ತದೆ. ನೀರು ಎರಡು ಕಡೆಯೂ ಅಷ್ಟೇ! ಹಾಗಾಗಿ ಹನಿಗಳ ಗಾತ್ರ ಹೀಗಿರಬಹುದು ಅಂತ ಒಂದು ಸೂತ್ರ ಊಹಿಸಿಕೊಂಡು ಮಳೆಯ ಲೆಕ್ಕ ಹಾಕುತ್ತಾರೆ. ಇಂಥ ಸೂತ್ರಗಳಲ್ಲಿ ಹೆಸರಾದದ್ದು 1948ರಲ್ಲಿ ಕೆನಡಾದ ಮಾರ್ಷಲ್ ಮತ್ತು ಪಾಮರ್ ಕೊಟ್ಟದ್ದು. ಘಟ್ಟದ ಸಣ್ಣ ಹನಿಯ ಜಡಿಮಳೆಗೆ ಅಂಥ ಸೂತ್ರ ಹಾಕಿದರೆ ಮಳೆ ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ.

ದೂರದ ತೊಂದರೆಯೂ ಇದೆ. ಗೋವಾದ ರೇಡಾರಿನಿಂದ ಕಾರವಾರ 80 ಕಿ.ಮೀ. ಆಸುಪಾಸು, ಸಿರ್ಸಿ ನೇರ ಗೆರೆಯಲ್ಲಿ ಸುಮಾರು 145 ಕಿ.ಮೀ. ಅರ್ಧ ಡಿಗ್ರಿ ಮೇಲ್ಮುಖವಾಗಿ ಹೊರಟ ಕಿರಣ, ಭೂಮಿಯ ಬಾಗು ಸೇರಿ, ಸಿರ್ಸಿಗೆ ಬರುವ ಹೊತ್ತಿಗೆ ಎರಡು ಕಿ.ಮೀ.ಗಿಂತ ಮೇಲೆ ಹೋಗಿರುತ್ತದೆ. ಘಟ್ಟದ ತಗ್ಗು ಮೋಡದಲ್ಲಿ ಹನಿ ಕೂಡಿಕೊಂಡು ಬೆಳೆಯುವುದು ಬಹಳಷ್ಟು ಅದರ ಕೆಳಗೆ. ಹೊಸ ಬಗೆಯ ರೇಡಾರ್‌ಗಳು ಅಡ್ಡಕ್ಕೂ ಉದ್ದಕ್ಕೂ ಎರಡು ಅಲೆ ಕಳಿಸಿ, ದಪ್ಪ ಹನಿ ಬೀಳುವಾಗ ಚಪ್ಪಟೆಯಾಗುವುದನ್ನು ಗುರುತಿಸುತ್ತವೆ. ಅದರಿಂದ ಗಾತ್ರದ ಅಂದಾಜು ಸುಧಾರಿಸುತ್ತದೆ. ಆದರೆ ಕಿರಣ ಮುಟ್ಟದ ಕಡೆ ಅದೂ ಏನು ಮಾಡೀತು? 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯಲ್ಲಿದ್ದವರು ಜೀವ ಕಳೆದುಕೊಂಡ ಮೇಲೆ, ಯಾವ ಗುಡ್ಡದ ಮೇಲೆ ಯಾವ ಗಂಟೆಯಲ್ಲಿ ಎಷ್ಟು ಬಿತ್ತು ಅನ್ನುವುದು ನಮ್ಮಲ್ಲಿ ಬರೀ ಲೆಕ್ಕದ ಪ್ರಶ್ನೆಯಾಗಿ ಉಳಿದಿಲ್ಲ.

ಆ ಮಳೆ ಎಲ್ಲಿಂದ ಬರುತ್ತದೆ? ಸಮುದ್ರದಿಂದ. ಮಳೆಗಾಲದಲ್ಲಿ ಕರಾವಳಿಗುಂಟ ವಾಯುಭಾರ ಕಡಿಮೆ ಇರುವ ಪಟ್ಟಿ ಏರ್ಪಟ್ಟಾಗ ದೊಡ್ಡ ಮಳೆ ಮೊದಲು ನೀರಿನ ಮೇಲೆಯೇ ಸುರಿಯಲು ಶುರುವಾಗುತ್ತದೆ. ಸಮುದ್ರದ ಮೇಲೆ ಮಳೆಮಾಪಕ ಇಡುವುದು ಕಷ್ಟ. ಹಡಗು ಓಲಾಡುತ್ತದೆ, ತೆರೆಯ ನೀರು ಸಿಡಿದು ಮಾಪಕಕ್ಕೆ ಬೀಳುತ್ತದೆ. ಉಪಕರಣ ಹೊತ್ತ ತೇಲುಬುರುಡೆಗಳಿವೆ, ಆದರೆ ಅರಬ್ಬಿ ಸಮುದ್ರದ ವಿಸ್ತಾರಕ್ಕೆ ಅವು ಬೆರಳೆಣಿಕೆಯಷ್ಟು.

ಇಲ್ಲಿಯೇ ಗುಳ್ಳೆ ಕೆಲಸಕ್ಕೆ ಬರುವುದು. ನೀರಿನೊಳಗೆ ಒಂದು ಹೈಡ್ರೋಫೋನ್, ಅಂದರೆ ನೀರಿನಲ್ಲಿ ಕೇಳುವ ಮೈಕ್, ಇಳಿಬಿಟ್ಟರೆ ಮಳೆ ಕೇಳಿಸುತ್ತದೆ. ಸಣ್ಣ ಹನಿಯ ಮಳೆಗೆ 15 ಕಿಲೋಹರ್ಟ್ಜ್, ಅಂದರೆ ಸೆಕೆಂಡಿಗೆ 15,000 ಕಂಪನದ, ಹತ್ತಿರ ಒಂದು ಚೂಪಾದ ಸದ್ದು. ಅದು 0.8ರಿಂದ 1.1 ಮಿ.ಮೀ. ಹನಿಗಳ ಗುಳ್ಳೆಯ ಸದ್ದು. ಆಗ ಅಮೆರಿಕದಲ್ಲಿದ್ದ ಹ್ಯೂ ಪಂಫ್ರಿ, ಲಾರೆನ್ಸ್ ಕ್ರಮ್ ಮತ್ತು ಡೆನ್ಮಾರ್ಕಿನ ಲೈಫ್ ಬ್ಯೋರ್ನೊ 1989ರಲ್ಲಿ ಈ ಗಂಟು ಬಿಡಿಸಿದರು. ಬಿರುಸು ಮಳೆಯಾದರೆ ದಪ್ಪ ಹನಿಗಳ ದೊಡ್ಡ ಗುಳ್ಳೆಗಳು 1ರಿಂದ 10 ಕಿಲೋಹರ್ಟ್ಜ್‌ವರೆಗೆ ಗದ್ದಲ ಎಬ್ಬಿಸುತ್ತವೆ. ಎರಡನ್ನೂ ಬೇರೆಬೇರೆ ಕೇಳಿಸಿಕೊಂಡರೆ ಎಷ್ಟು ಮಳೆ ಅನ್ನುವುದರ ಜೊತೆ ಎಂಥ ಹನಿ ಅನ್ನುವುದೂ ಸಿಗುತ್ತದೆ. ರೇಡಾರ್ ಊಹೆ ಮಾಡಬೇಕಾದ್ದನ್ನು ಇದು ಕೇಳಿ ಹೇಳುತ್ತದೆ. ಅಮೆರಿಕದ ಜೆಫ್ರಿ ನಿಸ್ಟುಯೆನ್ ಇಂಥ ಉಪಕರಣ ಬೆಳೆಸಿದವರಲ್ಲಿ ಮುಖ್ಯರು. 2004ರಲ್ಲಿ ಗ್ರೀಸ್ ಹತ್ತಿರದ ಸಮುದ್ರದಲ್ಲಿ 60 ಮೀಟರಿನಿಂದ 2,000 ಮೀಟರ್ ಆಳದವರೆಗೆ ಇವನ್ನು ಇಟ್ಟು ನೋಡಿದರು. ಎರಡು ಕಿ.ಮೀ. ಕೆಳಗೂ ಮಳೆ ಕೇಳಿಸಿತು. ಆಳಕ್ಕೆ ಹೋದಷ್ಟೂ ಹೆಚ್ಚು ಜಾಗದ ಮಳೆಯ ಸದ್ದು ಕೂಡಿ ಬರುತ್ತದೆ. ನಮ್ಮ ಸಾಮಾನ್ಯ ಮಳೆಮಾಪಕದ ಬಾಯಿ 200 ಚದರ ಸೆಂ.ಮೀ., ಒಂದು ತಟ್ಟೆಯಷ್ಟೂ ಇಲ್ಲ.

ನಮ್ಮ ಕರಾವಳಿಯಲ್ಲಿ ಇದು ಸಲೀಸಾಗಿ ಆಗಿಬಿಡುತ್ತದೆ ಅಂತ ನಾನು ಹೇಳುವುದಿಲ್ಲ. ದಡದ ಹತ್ತಿರ ಅಷ್ಟು ಆಳವಿಲ್ಲ. ಮಳೆಗಾಲದ ಗಾಳಿಗೆ ಹನಿ ಓರೆಯಾಗಿ ಬಿದ್ದರೆ 15 ಕಿಲೋಹರ್ಟ್ಜ್‌ನ ಚೂಪು ಮೊಂಡಾಗುತ್ತದೆ. ಒಡೆಯುವ ತೆರೆಗಳೂ ಗುಳ್ಳೆ ಮಾಡುತ್ತವೆ, ಅವುಗಳ ಸದ್ದಿನ ಏರಿಳಿತ ಬೇರೆ ಇರುವುದರಿಂದ ಬೇರ್ಪಡಿಸಬಹುದು, ಆದರೆ ಕೆಲಸ ಜಾಸ್ತಿ. ಎಲ್ಲಕ್ಕಿಂತ ದೊಡ್ಡ ಗಲಾಟೆ ಒಂದು ಸಿಗಡಿಯದು. ಬೆಚ್ಚಗಿನ, ಆಳ ಕಡಿಮೆಯಿರುವ ಸಮುದ್ರಗಳಲ್ಲಿ ಕೊಂಡಿ ಚಟಕ್ ಎನ್ನಿಸುವ ಸಣ್ಣ ಜಾತಿಯ ಸಿಗಡಿಗಳಿವೆ. ಅವುಗಳ ಸದ್ದೂ ಕೊಂಡಿ ಬಡಿದ ಸದ್ದಲ್ಲ. ಕೊಂಡಿ ಮುಚ್ಚುವ ರಭಸಕ್ಕೆ ಹುಟ್ಟಿದ ಗುಳ್ಳೆ ಕುಸಿಯುವ ಸದ್ದು ಅಂತ 2000ದಲ್ಲಿ ಗೊತ್ತಾಯಿತು. ಮಳೆಯ ಗುಳ್ಳೆ ಕೇಳಲು ಕೂತರೆ ಸಿಗಡಿಯ ಗುಳ್ಳೆ ಅಡ್ಡ ಬರುತ್ತದೆ!

ಆದರೂ ಅನುಕೂಲ ಇಲ್ಲವೆಂದಲ್ಲ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ನಮ್ಮ ಸಮುದ್ರಗಳ ಒಳಗಿನ ಸದ್ದನ್ನು ದಾಖಲಿಸುತ್ತ ಬಂದಿದೆ, ಅಂದರೆ ಕೈ ಪಳಗಿದವರು ದೇಶದಲ್ಲೇ ಇದ್ದಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಮಳೆ ಜೋರಾಗಿರುವ ಆ 61 ದಿನ ಟ್ರಾಲರ್‌ಗಳು ಕಾರವಾರದ ಬೈತಖೋಲ, ಹೊನ್ನಾವರದ ಕಾಸರಕೋಡು, ಭಟ್ಕಳದ ದಕ್ಕೆಗಳಲ್ಲಿ ಕಟ್ಟಿರುತ್ತವೆ. ಎಂಜಿನ್ ಸದ್ದು ಕಡಿಮೆ, ತಳಕ್ಕೆ ಕಟ್ಟಿದ ಉಪಕರಣವನ್ನು ಬಲೆ ಎಳೆದುಕೊಂಡು ಹೋಗುವ ಭಯವೂ ಕಡಿಮೆ. ಆಗಸ್ಟಿನಲ್ಲಿ ದೋಣಿ ಕಡಲಿಗಿಳಿಯುವ ಮುಂಚೆ ಅದನ್ನು ಮೇಲೆತ್ತಿಕೊಂಡರಾಯಿತು.